ಚೀಟಿಯಲ್ಲಿ ಕೊಟ್ಟವರ ಹೆಸರಿದೆ, ಹೊಲಿದವಳದ್ದು ಎಲ್ಲಿ?

ಎಲ್ಲ ವಸ್ತುಸಂಗ್ರಹಾಲಯಗಳ ನಿರ್ದೇಶಕರಿಗೆ ಮತ್ತು ಕ್ಯುರೇಟರ್‌ಗಳಿಗೆ,

ಮಾನ್ಯರೇ,

ನಾನು ಕಸೂತಿ ಕಲಿಸುವವಳು. ಕಲೆಯ ಇತಿಹಾಸದಲ್ಲಿ ಪದವಿ ಪಡೆದವಳಲ್ಲ. ಆದರೆ ರಜೆ ಸಿಕ್ಕಾಗಲೆಲ್ಲ ನಿಮ್ಮ ಕೋಣೆಗಳಲ್ಲಿ ಓಡಾಡುವುದು ನನಗಿಷ್ಟ. ಗಾಜಿಗೆ ಮೂಗು ಒತ್ತಿ ನಿಂತು ಸೆಕ್ಯುರಿಟಿಯವರ ಕೈಲಿ ಬೈಸಿಕೊಂಡದ್ದೂ ಉಂಟು. ಇಷ್ಟು ವರ್ಷ ಟಿಕೆಟ್ ತೆಗೆದುಕೊಂಡು ಬಂದವಳ ದೂರು ಎಂದುಕೊಂಡಾದರೂ ಇದನ್ನು ಓದಿ.

ಕಳೆದ ವರ್ಷ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಯಾಕೆಂದರೆ ಈ ದೂರು ಒಂದೇ ಕಟ್ಟಡದ್ದಲ್ಲ. ಮೊದಲ ಕೋಣೆಯಲ್ಲಿ ಚಿತ್ರಪಟಗಳಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಒಂದು ಚೀಟಿ. ಮೇಲೆ ದಪ್ಪ ಅಕ್ಷರದಲ್ಲಿ ಚಿತ್ರಕಾರನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಪಕ್ಕದ ಕೋಣೆಯಲ್ಲಿ ಬಟ್ಟೆ, ಮಡಕೆ, ಕೌದಿ. ಅಲ್ಲಿ ಚೀಟಿಯ ಮೇಲೆ ಬರೀ ‘ಕಸೂತಿ ಹಾಕಿದ ಹಾಸು’ ಅಂತಿತ್ತು. ಕೆಳಗೆ ಶತಮಾನ, ಯಾವ ದಾರ, ಉದ್ದ, ಅಗಲ. ಕೊನೆಯ ಸಾಲಿನಲ್ಲಿ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟವರ ಹೆಸರು.

ನನ್ನ ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ತಾಯಿಯ ಜೊತೆ ನಿಂತಿದ್ದಳು. ‘ಇದನ್ನ ಯಾರಮ್ಮ ಮಾಡಿದ್ದು?’ ಅಂತ ಕೇಳಿದಳು. ತಾಯಿ ಬಗ್ಗಿ ಚೀಟಿ ಓದಿದರು. ಅಲ್ಲಿದ್ದದ್ದು ಒಂದೇ ಹೆಸರು, ಅದನ್ನೇ ಹೇಳಿದರು. ಹುಡುಗಿ ತಲೆಯಾಡಿಸಿ, ‘ಅವರಿಗೆ ಎಷ್ಟು ತಾಳ್ಮೆ ಅಲ್ವಾ!’ ಅಂದಳು. ಕೊಟ್ಟವರಿಗೆ ತಾಳ್ಮೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಲಿದವರಿಗಂತೂ ಇತ್ತು.

ಆ ಹಾಸಿನ ಮುಂದೆ ನಾನು ಒಂದು ಗಂಟೆ ನಿಂತೆ. ಎಡಮೂಲೆಯ ಹೂವು ಪಳಗಿದ ಕೈಯದ್ದು. ಎಳೆಗಳು ಅಕ್ಕಿ ಕಾಳು ಜೋಡಿಸಿದ ಹಾಗೆ ಒಂದೇ ಸಮ. ಬಲಗಡೆಯ ಅಂಚು ಹಾಗಲ್ಲ. ಅಲ್ಲಿ ದಾರ ಎಳೆದದ್ದು ಜಾಸ್ತಿಯಾಗಿ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿದೆ. ಅದು ಕಲಿಯುವವಳ ಕೈ. ನಡುವಿನ ಬಳ್ಳಿ ಇಬ್ಬರದ್ದೂ ಅಲ್ಲ, ಯಾರೋ ಅವಸರದವರು. ಬಟ್ಟೆಯ ಹಿಂಬದಿ ನೋಡಿದ್ದರೆ ಇನ್ನೂ ಹೇಳುತ್ತಿದ್ದೆ. ಗಂಟು ಹಾಕುವ ರೀತಿ ಕೈಬರಹದ ಹಾಗೆ, ಒಬ್ಬೊಬ್ಬರದು ಒಂದೊಂದು ತರ. ಮನೆಗೆ ಬಂದು ಆ ಸಂಗ್ರಹಾಲಯಕ್ಕೆ ಪತ್ರ ಬರೆದೆ. ಎರಡು ಸಾಲಿನ ಉತ್ತರ ಬಂತು: ತಯಾರಿಸಿದವರ ಬಗ್ಗೆ ಮಾಹಿತಿ ಲಭ್ಯವಿಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ.

ಮಾಹಿತಿ ನಿಜವಾಗಿಯೂ ಇಲ್ಲದೆ ಇರಬಹುದು. ಅದಕ್ಕೆ ನನ್ನ ತಕರಾರಿಲ್ಲ. ಯಾರಾದರೂ ಹುಡುಕಿದ್ದಾರಾ ಎಂಬುದಷ್ಟೇ ನನ್ನ ಪ್ರಶ್ನೆ. ಹುಡುಕಿದ ಕಡೆ ಏನೇನು ಸಿಕ್ಕಿದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಒಂದೆರಡು ನೆನಪಿಸುತ್ತೇನೆ.

ಬಣ್ಣದ ಗಾಜಿನ ಟಿಫನಿ ದೀಪಗಳನ್ನೇ ತೆಗೆದುಕೊಳ್ಳಿ. ಹತ್ತಿರ ಹತ್ತಿರ ನೂರು ವರ್ಷ ಅವುಗಳ ಜೊತೆ ಇದ್ದದ್ದು ಕಂಪನಿಯ ಮಾಲೀಕ ಲೂಯಿಸ್ ಕಂಫರ್ಟ್ ಟಿಫನಿಯ ಹೆಸರು ಮಾತ್ರ. ನ್ಯೂಯಾರ್ಕಿನ ಆ ಕಂಪನಿಯಲ್ಲಿ ಗಾಜು ಕತ್ತರಿಸುವ ಹೆಂಗಸರದ್ದೇ ಒಂದು ವಿಭಾಗವಿತ್ತು. ಅದನ್ನು ನಡೆಸುತ್ತಿದ್ದವಳು ಕ್ಲಾರಾ ಡ್ರಿಸ್ಕಾಲ್. ಆಕೆಗೆ ತಾಯಿಗೆ, ಅಕ್ಕತಂಗಿಯರಿಗೆ ಉದ್ದುದ್ದ ಪತ್ರ ಬರೆಯುವ ಅಭ್ಯಾಸ. ಕೆಲಸದ ಕಿರಿಕಿರಿ, ಜೊತೆಯ ಹುಡುಗಿಯರ ಸುದ್ದಿ, ಈಗ ಯಾವ ದೀಪದ ವಿನ್ಯಾಸ ಮಾಡುತ್ತಿದ್ದೇನೆ ಎಂಬುದು, ಎಲ್ಲ ಅದರಲ್ಲಿ ಇರುತ್ತಿತ್ತು. ಮನೆಯವರು ಅವನ್ನು ಎಸೆಯಲಿಲ್ಲ. 2000ದ ದಶಕದಲ್ಲಿ ಸಂಶೋಧಕರು ಆ ಪತ್ರಗಳನ್ನು ಓದಿದಾಗ, ಏರೋಪ್ಲೇನ್ ಚಿಟ್ಟೆಯ ದೀಪ, ವಿಸ್ಟೀರಿಯಾ ಹೂವಿನ ದೀಪ ಹೀಗೆ ಹೆಸರುವಾಸಿಯಾದ ಎಷ್ಟೋ ದೀಪಗಳು ಆಕೆಯ ವಿನ್ಯಾಸ ಎಂದು ತಿಳಿಯಿತು. 2007ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಇದರ ಮೇಲೆ ಒಂದು ಪ್ರದರ್ಶನವನ್ನೇ ಮಾಡಿತು. ಆ ಏರೋಪ್ಲೇನ್ ಚಿಟ್ಟೆಯ ದೀಪಕ್ಕೆ 1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಕಂಚಿನ ಪದಕ ಬಂದಿತ್ತು. ಅಂದರೆ ಆಗಿನವರಿಗೆ ಆಕೆ ಗೊತ್ತಿದ್ದಳು, ನಡುವೆ ಮರೆತದ್ದು ಅಷ್ಟೆ. ಇನ್ನೊಂದು ವಿಷಯ. ಮದುವೆಯಾದ ಹೆಂಗಸರನ್ನು ಆ ಕಂಪನಿ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ 1909ರಲ್ಲಿ ಎರಡನೇ ಮದುವೆಯಾಗುವಾಗ ಡ್ರಿಸ್ಕಾಲ್ ಕೆಲಸ ಬಿಡಬೇಕಾಯಿತು.

ಸಿಕ್ಕಿದ್ದು ಹೇಗೆ ನೋಡಿ. ಮನೆಗೆ ಬರೆದ ಕಾಗದದಿಂದ. ಈ ಮಾತು ಆಮೇಲೆ ಮತ್ತೆ ಬರುತ್ತದೆ.

ಅದಕ್ಕಿಂತ ಎಷ್ಟೋ ಮೊದಲು, 18ನೇ ಶತಮಾನದ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಆನಾ ಮರಿಯಾ ಗಾರ್ತ್‌ವೇಟ್ ಎಂಬಾಕೆ ರೇಷ್ಮೆ ನೇಕಾರರಿಗೆ ಹೂಬಳ್ಳಿಯ ವಿನ್ಯಾಸ ಬರೆದುಕೊಡುತ್ತಿದ್ದಳು. ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಆಕೆಯ ಹೆಸರಿರಲಿಲ್ಲ, ಇರುವ ಪದ್ಧತಿಯೂ ಇರಲಿಲ್ಲ. ಆದರೆ ಆಕೆ ಅಚ್ಚುಕಟ್ಟಿನ ಹೆಂಗಸು. ತನ್ನ ಚಿತ್ರಗಳ ಮೇಲೆ ತಾರೀಖು ಬರೆದಳು, ಯಾವ ನೇಕಾರ ಅದನ್ನು ಕೊಂಡ ಅಂತಲೂ ಬರೆದಳು. ಎಂಟುನೂರಕ್ಕೂ ಜಾಸ್ತಿ ಚಿತ್ರಗಳು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿವೆ. ಅವನ್ನು ಹಿಡಿದುಕೊಂಡು ಹೋದರೆ, ಎಲ್ಲೋ ಉಳಿದಿರುವ ಒಂದು ಹಳೆಯ ಗೌನಿನ ರೇಷ್ಮೆ ಯಾರ ವಿನ್ಯಾಸ, ಯಾರ ಮಗ್ಗ ಅಂತ ಇವತ್ತಿಗೂ ಹೇಳಬಹುದು. ನೇಕಾರರ ಹೆಸರನ್ನು ಆಕೆ ಬರೆದಿಟ್ಟಳು. ನಿಮ್ಮಲ್ಲಿ ಎಷ್ಟು ಜನ ಅಷ್ಟು ಮಾಡುತ್ತೀರಿ?

ಚಿತ್ರಪಟದ ಕೋಣೆಯಲ್ಲಿ ಎಲ್ಲ ಸರಿಯಿದೆ ಅಂತಲೂ ಅಲ್ಲ. 17ನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನ ಹಾರ್ಲೆಮ್‌ನಲ್ಲಿ ಜೂಡಿತ್ ಲೇಸ್ಟರ್ ಎಂಬ ಚಿತ್ರಗಾರ್ತಿ ಕಲಾವಿದರ ಸಂಘದ ಸದಸ್ಯೆಯಾಗಿದ್ದಳು. ತನ್ನ ಹೆಸರಿನ ಮೊದಲಕ್ಷರಗಳ ಪಕ್ಕ ಒಂದು ನಕ್ಷತ್ರ ಬರೆದು ಸಹಿ ಮಾಡುತ್ತಿದ್ದಳು. ಲೇಸ್ಟರ್ ಅಂದರೆ ದಾರಿ ತೋರುವ ನಕ್ಷತ್ರ, ಅದಕ್ಕೆ. ಆಕೆ ಸತ್ತ ಮೇಲೆ ಆಕೆಯ ಚಿತ್ರಗಳು ಅದೇ ಊರಿನ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಲೆಕ್ಕಕ್ಕೆ ಸೇರಿದವು. ಹಾಲ್ಸ್‌ನದು ಅಂತ ಮಾರಾಟವಾದ ಒಂದು ಚಿತ್ರದಲ್ಲಿ ಕೊನೆಗೆ ಆ ನಕ್ಷತ್ರದ ಸಹಿ ಕಂಡಿತು. 1893ರಲ್ಲಿ ಒಬ್ಬ ವಿದ್ವಾಂಸ ಅದನ್ನು ಬರೆದು ಪ್ರಕಟಿಸಿದ. ವ್ಯಾಪಾರಿಗಳು ಮಾತ್ರ ಕೋರ್ಟಿಗೆ ಹೋದದ್ದು ದುಡ್ಡಿಗಾಗಿ. ಹಾಲ್ಸ್ ಅಲ್ಲದ ಮೇಲೆ ಬೆಲೆ ಕಡಿಮೆಯಾಗಬೇಕು ಅಂತ!

‘ಹೆಸರಿನಲ್ಲಿ ಏನಿದೆ, ಕೆಲಸ ನೋಡಿ ಸಂತೋಷಪಡಬೇಕು’ ಅಂತ ನಿಮ್ಮ ವೃತ್ತಿಯ ಒಬ್ಬರು ನನಗೆ ಒಮ್ಮೆ ಬುದ್ಧಿ ಹೇಳಿದ್ದರು. ಅವರಿಗೆ ಈ ಕಥೆ ಹೇಳಬೇಕಿತ್ತು. ಅದೇ ಚಿತ್ರ, ಅದೇ ಬಣ್ಣ. ಹೆಸರು ಬದಲಾದ ಕೂಡಲೇ ಬೆಲೆಯ ಜಗಳ. ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಚಿತ್ರಪಟದ ಕೋಣೆಯ ಚೀಟಿಗಳಿಂದಲೂ ತೆಗೆದುಬಿಡಿ. ನಾನು ಒಪ್ಪುತ್ತೇನೆ.

ಇನ್ನು ಗಂಡ, ಅಪ್ಪ, ಯಜಮಾನ. ಈ ಮೂರು ಹೆಸರುಗಳ ಕೆಳಗೆ ಎಷ್ಟು ಜನ ಹೆಂಗಸರು ಮುಚ್ಚಿಹೋಗಿದ್ದಾರೆ ಅಂತ ಲೆಕ್ಕ ಹಾಕಿದವರಿಲ್ಲ. ಜಪಾನಿನ ಹೆಸರಾಂತ ಚಿತ್ರಕಾರ ಹೊಕುಸಾಯ್‌ನ ಮಗಳು ಕಾತ್ಸುಶಿಕಾ ಓಯಿ ಅಪ್ಪನ ಜೊತೆ ಕೂತು ವರ್ಷಗಟ್ಟಲೆ ಕುಂಚ ಹಿಡಿದಳು. ಆಕೆಯದು ಅಂತ ಇವತ್ತು ಗಟ್ಟಿಯಾಗಿ ಹೇಳಬಹುದಾದ ಚಿತ್ರಗಳು ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಮಗಳು ಮೇ ಮಾರಿಸ್ 1885ರಲ್ಲಿ, ಬರೀ 23ನೇ ವಯಸ್ಸಿಗೆ, ಅಪ್ಪನ ಕಂಪನಿಯ ಕಸೂತಿ ವಿಭಾಗವನ್ನು ವಹಿಸಿಕೊಂಡಳು. ಅದಕ್ಕೂ ಎರಡು ವರ್ಷ ಮೊದಲು ಆಕೆ ಮಾಡಿದ ಹನಿಸಕಲ್ ಬಳ್ಳಿಯ ಗೋಡೆಕಾಗದವನ್ನು ಬಹಳ ಕಾಲ ಅಪ್ಪನದೇ ಅಂದುಕೊಂಡಿದ್ದರು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿಯ ಕುರ್ಚಿಗಳನ್ನು ಪ್ರದರ್ಶಿಸಿದಾಗ ತಲೆಬರಹದಲ್ಲಿ ಇದ್ದದ್ದು ಚಾರ್ಲ್ಸ್ ಈಮ್ಸ್ ಒಬ್ಬನೇ. ರೇ ಈಮ್ಸ್ ಇರಲಿಲ್ಲ.

ಫ್ರಾನ್ಸಿನ ವಿನ್ಯಾಸಗಾರ್ತಿ ಶಾರ್ಲೊಟ್ ಪೆರಿಯಾನ್‌ಳ ಕಥೆ ಕೇಳಿದರೆ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. 1927ರಲ್ಲಿ ಆಕೆ ಕೆಲಸ ಕೇಳಿಕೊಂಡು ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕೊರ್ಬೂಸಿಯೇ ಹತ್ತಿರ ಹೋದಳು. ‘ನಾವಿಲ್ಲಿ ದಿಂಬಿಗೆ ಕಸೂತಿ ಹಾಕುವುದಿಲ್ಲ’ ಅಂತ ಹೇಳಿ ಕಳಿಸಿದ. ಸ್ವಲ್ಪ ದಿನಕ್ಕೆ ಒಂದು ಪ್ರದರ್ಶನದಲ್ಲಿ ಆಕೆ ಲೋಹ, ಗಾಜಿನಲ್ಲಿ ಮಾಡಿದ ಕೆಲಸ ನೋಡಿ ತಾನೇ ಕರೆದು ಸೇರಿಸಿಕೊಂಡ. ಮುಂದೆ ಆ ಕಚೇರಿಯ ಹೆಸರಾಂತ ಉಕ್ಕಿನ ಕೊಳವೆಯ ಕುರ್ಚಿಗಳು ಆಕೆ, ಕೊರ್ಬೂಸಿಯೇ, ಅವನ ಸೋದರಸಂಬಂಧಿ ಪಿಯೇರ್ ಜಾನರೆ ಮೂವರೂ ಸೇರಿ ಮಾಡಿದವು. ಅವು ಆಮೇಲೆ ಮಾರಾಟವಾದದ್ದು ‘ಎಲ್‌ಸಿ’ ಎಂಬ ಗುರುತಿನಲ್ಲಿ, ಅಂದರೆ ಅವನೊಬ್ಬನ ಅಕ್ಷರಗಳಲ್ಲಿ. ಕಸೂತಿಯವಳಾಗಿ ಒಂದು ಮಾತು ಹೇಳಿಬಿಡುತ್ತೇನೆ: ದಿಂಬಿಗೆ ಕಸೂತಿ ಹಾಕುವುದು ಸುಮ್ನೆ ಅಲ್ಲ. ಒರಗಿದರೂ ಎಳೆ ಸವೆಯಬಾರದು, ಒಗೆದರೂ ಬಣ್ಣ ಬಿಡಬಾರದು, ಕೆನ್ನೆಗೆ ಚುಚ್ಚಬಾರದು. ಅವನು ಒಂದು ಹಾಕಿ ನೋಡಬೇಕಿತ್ತು.

ಜರ್ಮನಿಯ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1919ರಲ್ಲಿ ಗಂಡು ಹೆಣ್ಣು ಇಬ್ಬರೂ ಸಮ ಅಂತ ಬಾಗಿಲು ತೆರೆದ ಶಾಲೆ, ಬಂದ ಹುಡುಗಿಯರನ್ನು ಹೆಚ್ಚುಕಡಿಮೆ ಒಟ್ಟಾಗಿ ಮಗ್ಗದ ಕಡೆಗೆ ತಳ್ಳಿತು. ಆ ಮಗ್ಗದಿಂದಲೇ ಗುಂಟಾ ಸ್ಟೋಲ್ಜ್ಲ್, ಆನಿ ಆಲ್ಬರ್ಸ್‌ರಂಥ ಹೆಸರಾಂತ ನೇಕಾರ್ತಿಯರು ಬಂದರು. ಮಾರಿಯಾನೆ ಬ್ರಾಂಟ್ ಹೇಗೋ ಲೋಹದ ಕೆಲಸಕ್ಕೆ ನುಗ್ಗಿದಳು. 1924ರ ಆಕೆಯ ಪುಟ್ಟ ಟೀಪಾಟ್ ಇಲ್ಲದೆ ಇವತ್ತು ಯಾವ ವಿನ್ಯಾಸದ ಪುಸ್ತಕವೂ ಇಲ್ಲ. ಆದರೆ ಆ ಶಾಲೆಯ ಕಟ್ಟಡವನ್ನು, ವಸ್ತುಗಳನ್ನು ನಾವೆಲ್ಲ ನೋಡಿದ್ದು ಲೂಸಿಯಾ ಮೊಹೊಯ್ ತೆಗೆದ ಫೋಟೋಗಳಲ್ಲಿ. ನಾಜಿಗಳು ಬಂದಾಗ ಆಕೆ ಗಾಜಿನ ನೆಗೆಟಿವ್‌ಗಳನ್ನು ಬಿಟ್ಟು ಓಡಬೇಕಾಯಿತು. ಅವು ಶಾಲೆಯ ಸ್ಥಾಪಕ ಗ್ರೋಪಿಯಸ್ ಕೈಗೆ ಸೇರಿ, ಆಕೆಯ ಹೆಸರಿಲ್ಲದೆ ಪುಸ್ತಕಗಳಲ್ಲಿ ಅಚ್ಚಾದವು. ವಕೀಲರನ್ನು ಇಟ್ಟು ಹೋರಾಡಿದ ಮೇಲೆ 1957ರಲ್ಲಿ ಒಂದಷ್ಟು ವಾಪಸ್ ಬಂದವು.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ಹೆಸರಿಲ್ಲದ್ದನ್ನೆಲ್ಲ ‘ಒಬ್ಬ ಹೆಂಗಸು ಮಾಡಿದ್ದು’ ಅಂತ ಬರೆಯುವುದೂ ಸರಿಯಲ್ಲ. ಬಾಯೋ ಟೇಪಸ್ಟ್ರಿ ಇದೆಯಲ್ಲ, ನಾರ್ಮನ್ನರ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯ ಪಟ, 11ನೇ ಶತಮಾನದ್ದು, ಸುಮಾರು 70 ಮೀಟರ್ ಉದ್ದ. ಮೊದಲನೆಯದಾಗಿ ಅದು ಟೇಪಸ್ಟ್ರಿಯೇ ಅಲ್ಲ. ಟೇಪಸ್ಟ್ರಿ ಅಂದರೆ ಚಿತ್ರವನ್ನು ಮಗ್ಗದಲ್ಲೇ ನೇಯುವುದು. ಇದು ನಾರುಬಟ್ಟೆಯ ಮೇಲೆ ಉಣ್ಣೆಯ ದಾರದ ಕಸೂತಿ. ಹೆಸರು ಕೊಡುವಾಗಲೂ ನಮ್ಮ ಕೆಲಸಕ್ಕೆ ಇನ್ನೊಬ್ಬರ ಹೆಸರು! ಆ ವಿಲಿಯಂನ ರಾಣಿ ಮಟಿಲ್ಡಾ ತನ್ನ ಸಖಿಯರ ಜೊತೆ ಕೂತು ಹೊಲಿದಳು ಅಂತ ಒಂದು ಹಳೆಯ ಕಥೆಯಿದೆ, ಅದಕ್ಕೆ ಆಧಾರ ಇಲ್ಲ. ಇಂಗ್ಲೆಂಡಿನ ಕಸೂತಿಯವರು ಮಾಡಿರಬೇಕು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆರುನೂರಕ್ಕೂ ಜಾಸ್ತಿ ಮನುಷ್ಯರನ್ನು ಹೊಲಿದ ಆ ಪಟದ ಮುಖ್ಯ ಪಟ್ಟಿಯಲ್ಲಿ ಹೆಂಗಸರು ಮೂರೇ ಮೂರು. ಸೂಜಿ ಹಿಡಿದವರು ಯಾರು ಅಂತ ಎಲ್ಲೂ ಬರೆದಿಲ್ಲ. ಹಾಗಿದ್ದರೆ ಚೀಟಿಯಲ್ಲೂ ಅಷ್ಟನ್ನೇ ಬರೆಯಿರಿ. ರಾಣಿಯ ಕಥೆ ಬೇಡ.

ಬರೆದಿಲ್ಲ ಎಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ನನಗೆ ತುಂಬ ಇಷ್ಟವಾದ ಸುದ್ದಿ 2019ರದು. ಜರ್ಮನಿಯ ಡಾಲ್‌ಹೈಮ್‌ನಲ್ಲಿ ಸನ್ಯಾಸಿನಿಯರ ಒಂದು ಮಠವಿತ್ತು. ಅಲ್ಲಿನ ಸ್ಮಶಾನದಲ್ಲಿ ಹೂತಿದ್ದ, ಸುಮಾರು ಸಾವಿರ ವರ್ಷ ಹಿಂದಿನ ಒಬ್ಬ ಹೆಂಗಸಿನ ಹಲ್ಲನ್ನು ವಿಜ್ಞಾನಿಗಳು ಪರೀಕ್ಷೆ ಮಾಡುತ್ತಿದ್ದರು. ಹಲ್ಲಿನ ಗಟ್ಟಿಯಾದ ಕಲ್ಮಶದಲ್ಲಿ ನೀಲಿ ಚುಕ್ಕೆಗಳು ಸಿಕ್ಕವು. ನೋಡಿದರೆ ಅದು ಲಾಪಿಸ್ ಲಾಜುಲಿ, ಅಫ್ಘಾನಿಸ್ತಾನದ ಗಣಿಯಿಂದ ಬರುತ್ತಿದ್ದ ಕಲ್ಲಿನ ಬಣ್ಣ. ಆಗ ಅದು ಬಂಗಾರದಷ್ಟು ದುಬಾರಿ. ಪುಸ್ತಕಗಳಿಗೆ ಚಿತ್ರ ಬಿಡಿಸುವ ನುರಿತವರ ಕೈಗಷ್ಟೇ ಅದನ್ನು ಕೊಡುತ್ತಿದ್ದರು. ಆಕೆ ಕುಂಚದ ತುದಿಯನ್ನು ತುಟಿಗೆ ಒತ್ತಿ ಚೂಪು ಮಾಡಿಕೊಳ್ಳುತ್ತಿದ್ದಳು, ಹಾಗೆ ಬಣ್ಣ ಬಾಯಿಗೆ ಹೋಗಿದೆ ಎಂಬುದು ಸಂಶೋಧಕರ ಅಂದಾಜು. ಓದಿದಾಗ ನನ್ನ ಕೈ ತಾನಾಗಿ ತುಟಿಗೆ ಹೋಯಿತು. ಸೂಜಿಗೆ ದಾರ ಪೋಣಿಸುವಾಗ ನಾವೂ ದಿನಾ ಅದನ್ನೇ ಮಾಡುತ್ತೇವೆ.

ಆಕೆಯ ಹೆಸರು ಸಿಕ್ಕಲಿಲ್ಲ. ಆದರೆ ಆಕೆ ಇದ್ದಳು ಅಂತ ಗೊತ್ತಾಯಿತು. ಮಧ್ಯಯುಗದ ಪುಸ್ತಕಗಳೆಂದರೆ ಗಂಡಸು ಸನ್ಯಾಸಿಗಳ ಕೆಲಸ ಅಂತ ಬರೆದ ಎಷ್ಟು ಚೀಟಿಗಳನ್ನು ಆಮೇಲೆ ಬದಲಿಸಿದಿರಿ? 975ರಲ್ಲೇ ಸ್ಪೇನಿನ ಒಂದು ಹಸ್ತಪ್ರತಿಯ ಮೇಲೆ ಎಂಡೆ ಎಂಬಾಕೆ, ತಾನು ಚಿತ್ರಗಾರ್ತಿ ಅಂತ ಹೆಸರು ಬರೆದಿದ್ದಾಳೆ. 12ನೇ ಶತಮಾನದ ಗುಡಾ ಎಂಬ ಸನ್ಯಾಸಿನಿ ದೊಡ್ಡಕ್ಷರವೊಂದರ ಒಳಗೆ ತನ್ನದೇ ಚಿತ್ರ ಬಿಡಿಸಿ, ಈ ಪುಸ್ತಕ ಬರೆದು ಬಣ್ಣ ಹಾಕಿದ್ದು ನಾನೇ ಅಂತ ಹೇಳಿಕೊಂಡಿದ್ದಾಳೆ. ಅವರು ಹೇಳಿಯೇ ಹೋಗಿದ್ದಾರೆ.

ಹೇಳಲು ಅವಕಾಶ ಸಿಗದವರ ವಿಷಯ ಬೇರೆ. ಹ್ಯಾರಿಯಟ್ ಪವರ್ಸ್ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಬಟ್ಟೆ ತುಂಡುಗಳನ್ನು ಜೋಡಿಸಿ ಬೈಬಲ್ ಕಥೆಗಳ ಒಂದು ಕೌದಿ ಹೊಲಿದಳು. 1886ರಲ್ಲಿ ಊರಿನ ಹತ್ತಿ ಮೇಳದಲ್ಲಿ ಅದನ್ನು ನೋಡಿದ ಚಿತ್ರಕಲಾ ಶಿಕ್ಷಕಿಯೊಬ್ಬಳು ಕೊಳ್ಳಲು ಕೇಳಿದಳು. ಪವರ್ಸ್ ಕೊಡಲಿಲ್ಲ. ಕೆಲವು ವರ್ಷದ ಮೇಲೆ ಕಷ್ಟ ಬಂದಾಗ ತಾನೇ ತಂದು ಹತ್ತು ಡಾಲರ್ ಕೇಳಿ ಐದಕ್ಕೆ ಕೊಟ್ಟಳು. ಕೊಟ್ಟ ಮೇಲೂ ಅದನ್ನು ನೋಡಲು ಮತ್ತೆ ಮತ್ತೆ ಬರುತ್ತಿದ್ದಳಂತೆ. ಕೊಂಡವಳು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಒಂದೊಂದು ಚೌಕದಲ್ಲಿ ಏನಿದೆ ಅಂತ ಪವರ್ಸ್ ಬಾಯಿಂದಲೇ ಕೇಳಿ ಬರೆದುಕೊಂಡದ್ದು. ಇವತ್ತು ಆ ಕೌದಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ, ಹೊಲಿದವಳ ಹೆಸರಿನ ಜೊತೆಗೆ. ಅದೇ ಕಾಲದ ಬೇರೆ ಸಾವಿರಾರು ಕೌದಿಗಳಿಗೆ ಆ ಅದೃಷ್ಟವಿಲ್ಲ. ನಮ್ಮ ಬಿಹಾರದ ಮಿಥಿಲೆಯ ಹೆಂಗಸರೂ ತಲೆಮಾರುಗಳಿಂದ ಗೋಡೆಯ ಮೇಲೆ ಚಿತ್ರ ಬರೆದರು, ಯಾರ ಹೆಸರೂ ಹೊರಗೆ ತಿಳಿಯಲಿಲ್ಲ. 1966–67ರ ಬರದ ಕಾಲದಲ್ಲಿ, ನಾಲ್ಕು ಕಾಸು ಸಿಗಲೆಂದು ಅವರ ಕೈಗೆ ಕಾಗದ ಕೊಟ್ಟರು. ಗೋಡೆಯಿಂದ ಚಿತ್ರ ಕಾಗದಕ್ಕೆ ಇಳಿದ ಮೇಲೆ ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂಬ ಹೆಸರುಗಳು ನಮಗೆ ಗೊತ್ತಾದವು.

ಹಾಗಾಗಿ ನನ್ನ ಮೊದಲ ಕೋರಿಕೆ ಕಾಗದದ ಬಗ್ಗೆಯೇ. ಯಾವುದಾದರೂ ಹಳೆಯ ಕಂಪನಿ ಮುಚ್ಚಿದಾಗ, ಮನೆ ಖಾಲಿ ಮಾಡುವವರು ವಸ್ತು ಕೊಡಲು ಬಂದಾಗ, ನೀವು ದೀಪ, ಕುರ್ಚಿ, ಸೀರೆ ತೆಗೆದುಕೊಳ್ಳುತ್ತೀರಿ. ಜೊತೆಗೆ ಕೂಲಿಯ ಪುಸ್ತಕ, ಆರ್ಡರ್ ಪುಸ್ತಕ, ಮಾದರಿ ಹಾಳೆಗಳು, ಮನೆಯ ಪತ್ರಗಳು ಇದ್ದರೆ ಅವನ್ನೂ ದಯವಿಟ್ಟು ತೆಗೆದುಕೊಳ್ಳಿ. ಕೊಟ್ಟವರನ್ನು ‘ಇದನ್ನು ಮಾಡಿದ್ದು ಯಾರು?’ ಅಂತ ಒಂದು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಅಜ್ಜಿಯ ಹೆಸರು ಗೊತ್ತಿರುವ ಮೊಮ್ಮಕ್ಕಳು ಇರುವಾಗಲೇ ಕೇಳಬೇಕು.

ಚೀಟಿಯ ವಿಷಯಕ್ಕೆ ಬಂದರೆ, ಎಲ್ಲ ಕೋಣೆಗೂ ಒಂದೇ ನಿಯಮ ಇರಲಿ. ಮಾಡಿದವರು ಮೇಲೆ, ಕೊಟ್ಟವರು ಕೆಳಗೆ. ಹೆಸರು ಸಿಗದಿದ್ದರೆ ‘ಅನಾಮಿಕ’ ಬೇಡ, ಅವರಿಗೆ ಹೆಸರೇ ಇರಲಿಲ್ಲವೇನೋ ಎಂಬಂತೆ ಕೇಳುತ್ತದೆ. ‘ಹೆಸರು ಬರೆದಿಟ್ಟಿಲ್ಲ’ ಅಂತ ಹಾಕಿ. ತಪ್ಪು ಯಾರದ್ದು ಅಂತ ಆಗ ಓದುವವರಿಗೆ ತಿಳಿಯುತ್ತದೆ. ಕಂಪನಿಯಿಂದ ಬಂದ ವಸ್ತುವಾದರೆ ವಿನ್ಯಾಸ ಯಾರದು, ಕೈಯಲ್ಲಿ ಮಾಡಿದವರು ಯಾರು ಎಂದು ಗೊತ್ತಿದ್ದಷ್ಟು ಬರೆಯಿರಿ. ‘ಪತ್ನಿಯ ಸಹಾಯದಿಂದ’ ಎಂಬ ಮಾತನ್ನು ಮಾತ್ರ ಎಲ್ಲ ಕಡೆಯಿಂದಲೂ ಅಳಿಸಿಬಿಡಿ. ಸಹಾಯ ಅಂದರೆ ಏನು? ಕುರ್ಚಿ ಹಿಡಿದುಕೊಂಡಿದ್ದಳಾ, ಕುರ್ಚಿ ಮಾಡಿದಳಾ?

ಮತ್ತೆ, ವರ್ಷಕ್ಕೊಂದು ತಿಂಗಳು ‘ಮಹಿಳಾ ಕಲಾವಿದರು’ ಅಂತ ಒಂದು ಕೋಣೆ ಮಾಡಿ, ಆಮೇಲೆ ಎಲ್ಲವನ್ನೂ ಸ್ಟೋರ್ ರೂಮಿಗೆ ಹಾಕುವುದು ಸಾಕು. ಡ್ರಿಸ್ಕಾಲ್‌ಳ ದೀಪ ಮೊದಲಿದ್ದ ಜಾಗದಲ್ಲೇ ಇರಲಿ, ಚೀಟಿ ಬದಲಾಗಲಿ.

ನಿಮ್ಮಲ್ಲಿ ಜನ ಕಡಿಮೆ, ಹಣ ಕಡಿಮೆ ಎಂದು ಗೊತ್ತು. ಅದಕ್ಕೇ ಒಂದು ಸಲಹೆ. ಕಸೂತಿ, ನೇಯ್ಗೆ, ಮಡಕೆ ಮಾಡುವವರನ್ನು ಒಮ್ಮೆ ಸ್ಟೋರ್ ರೂಮಿಗೆ ಕರೆಯಿರಿ. ನಾವು ಪ್ರಬಂಧ ಬರೆಯುವವರಲ್ಲ. ಆದರೆ ಒಂದು ಬಟ್ಟೆಯಲ್ಲಿ ಎಷ್ಟು ಕೈ ಇದೆ, ಯಾರು ಗುರು, ಯಾರು ಶಿಷ್ಯೆ, ಬೇರೆ ಯಾವ ಬಟ್ಟೆಯಲ್ಲಿ ಅದೇ ಕೈ ಇದೆ ಅಂತ ಹೇಳಬಲ್ಲೆವು. ನನ್ನನ್ನು ಕರೆದರೆ ನನ್ನ ಖರ್ಚಿನಲ್ಲೇ ಬರುತ್ತೇನೆ. ಆ ಹಾಸನ್ನು ಗಾಜಿನಿಂದ ಹೊರಗೆ ತೆಗೆದು, ತಿರುಗಿಸಿ, ಹಿಂಬದಿಯನ್ನು ಒಂದರ್ಧ ಗಂಟೆ ತೋರಿಸಿದರೆ ಸಾಕು.

ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ,
ಒಬ್ಬ ಕಸೂತಿ ಟೀಚರ್